ಕಡವಿನ ಬಂಡೆಯ ಎರಡು ಸಾಲು

"ಬುದ್ಧಿ, ಲೆಕ್ಕ ಒಪ್ಪಿಸಬೇಕಾದ ಸ್ವಾತಂತ್ರ್ಯವನ್ನು ಸ್ವಾತಂತ್ರ್ಯ ಅನ್ನಬಹುದೇ?" ಎಂದು ಶಿಷ್ಯ ಕೇಳಿದ.

ಅವನು ತನ್ನೂರಿನ ಗ್ರಾಮ ಪಂಚಾಯಿತಿಗೆ ಅಧ್ಯಕ್ಷನಾಗಿ ಎಂಟು ತಿಂಗಳಾಗಿತ್ತು. ಮಠಕ್ಕೆ ಬಂದು, ನಮಸ್ಕಾರ ಮಾಡಿ, ಜಗುಲಿಯ ಕೆಳಗೆ ಕೂತು ಮನಸ್ಸಿನಲ್ಲಿದ್ದುದನ್ನು ಹೇಳಿಕೊಂಡ.

"ಕಂದಾಯ ಹಾಕುವ ಅಧಿಕಾರ ನಿಮ್ಮದು, ಬಂದ ಹಣವನ್ನು ಊರಿಗೆ ಬೇಕಾದಂತೆ ಖರ್ಚು ಮಾಡುವ ಅಧಿಕಾರವೂ ನಿಮ್ಮದು ಅನ್ನುತ್ತಾರೆ ಸರಕಾರದವರು. ಆಮೇಲೆ ಒಂದೊಂದು ರೂಪಾಯಿಗೂ ರಸೀದಿ ಕೇಳುತ್ತಾರೆ. ನನ್ನ ಕೈ ಶುದ್ಧವಾಗಿದೆ ಬುದ್ಧಿ. ಆದರೂ ಅವರು ಕೇಳಿದಾಗ ಕಳ್ಳನನ್ನು ನಿಲ್ಲಿಸಿ ಕೇಳಿದ ಹಾಗಿರುತ್ತದೆ. ಕೊಟ್ಟ ಮೇಲೆ ನಂಬಬೇಕು. ನಂಬಿಕೆ ಇಲ್ಲದಿದ್ದರೆ ಕೊಡಬಾರದು."

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಹೊಳೆಯ ದಡದಲ್ಲಿ ಕಡವಿನಪುರ ಎಂಬ ಊರಿತ್ತು. ಉಪ್ಪಿನ ಗಾಡಿಗಳು, ಬಟ್ಟೆಯ ಮೂಟೆ ಹೊತ್ತ ಎತ್ತುಗಳು ಆ ದಾರಿಯಲ್ಲೇ ಬರಬೇಕು, ಅಲ್ಲಿನ ಕಡವಿನಲ್ಲೇ ಹೊಳೆ ದಾಟಬೇಕು. ದಾಟಿಸಲು ಒಂದು ದೊಡ್ಡ ದೋಣಿ ಇತ್ತು. ಆಳಿಗೆ ಒಂದು ಕಾಸು, ಗಾಡಿಗೆ ಆರು ಕಾಸು ಸುಂಕ. ತಿಂಗಳಿಗೊಮ್ಮೆ ರಾಜಧಾನಿಯಿಂದ ಕುದುರೆಯ ಮೇಲೆ ಇಬ್ಬರು ಬಂದು ಅಷ್ಟೂ ಸುಂಕವನ್ನು ಬೊಕ್ಕಸಕ್ಕೆ ಒಯ್ಯುತ್ತಿದ್ದರು. ಊರಿಗೆ ಏನಾದರೂ ಬೇಕಾದರೆ ಗೌಡ ಬೊಕ್ಕಸಕ್ಕೆ ಅರ್ಜಿ ಬರೆಯಬೇಕಿತ್ತು. ಅರ್ಜಿ ಹೋಗಲು ಎಂಟು ದಿನ. ಉತ್ತರ ಬರಲು ಇಷ್ಟೇ ದಿನ ಎಂಬ ಲೆಕ್ಕವಿರಲಿಲ್ಲ.

ಊರ ಗೌಡನ ಹೆಸರು ಮುದ್ದೇಗೌಡ. ದೋಣಿ ನಡೆಸುತ್ತಿದ್ದವನು ಅಂಬಿಗರ ಸಿಂಗ. ಒಂದು ಬೇಸಿಗೆಯಲ್ಲಿ ಸಿಂಗ ಚಾವಡಿಗೆ ಬಂದು, ದೋಣಿಯ ಅಡಿಹಲಗೆ ಮೆತ್ತಗಾಗಿದೆ, ಕಾಲಿಟ್ಟರೆ ತಗ್ಗುತ್ತದೆ, ಮಳೆಗಾಲಕ್ಕೆ ಮೊದಲು ಬದಲಿಸಬೇಕು ಎಂದು ಹೇಳಿದ. ಗೌಡ ಅರ್ಜಿ ಬರೆದ. ದೋಣಿ ಕಟ್ಟಿ ಎಷ್ಟು ವರ್ಷವಾಯಿತು ಎಂದು ಬೊಕ್ಕಸ ಕೇಳಿತು. ಗೌಡ ತಿಳಿಸಿದ. ಕಟ್ಟಿದ ಬಡಗಿ ಯಾರು ಎಂದು ಕೇಳಿತು. ಅದನ್ನೂ ತಿಳಿಸಿದ. ಮೂರನೆಯ ಸಲ ಉತ್ತರದ ಜೊತೆ ಹಣವೇ ಬಂತು. ಹನ್ನೆರಡು ವರಹ. ಆದರೆ ಅದು ಹಲಗೆಗಲ್ಲ. ಆ ವರ್ಷ ರಾಜ್ಯದ ಎಲ್ಲ ಛತ್ರಗಳಿಗೂ ಸುಣ್ಣ ಹೊಡೆಯಬೇಕೆಂದು ಅಪ್ಪಣೆಯಾಗಿತ್ತು. ಆ ಹಣವನ್ನು ಬೇರೆ ಕೆಲಸಕ್ಕೆ ಬಳಸಿದರೆ ತಪ್ಪಾಗುತ್ತದೆ ಎಂದೂ ಬರೆದಿದ್ದರು.

ಗೌಡ ಛತ್ರಕ್ಕೆ ಸುಣ್ಣ ಹೊಡೆಸಿದ.

ಆಷಾಢದಲ್ಲಿ ಹೊಳೆ ತುಂಬಿತು. ಒಂದು ಬೆಳಗ್ಗೆ ಒಂಬತ್ತು ಜನರನ್ನು ಕೂರಿಸಿಕೊಂಡು ಹೋದ ದೋಣಿಯ ಅಡಿಹಲಗೆ ನಡುಹೊಳೆಯಲ್ಲಿ ಒಡೆಯಿತು. ಸಿಂಗ ಇಬ್ಬರನ್ನು ಮರಳುದಿಬ್ಬಕ್ಕೆ ಎಳೆದು ಹಾಕಿ ಮೂರನೆಯವರಿಗಾಗಿ ಮತ್ತೆ ನೀರಿಗಿಳಿದ. ತಿರುಗಿ ಬರಲಿಲ್ಲ. ಇನ್ನು ಮೂವರು ಈಜಿ ದಡ ಸೇರಿದರು. ನಾಲ್ಕು ಜನ ಪ್ರಯಾಣಿಕರು, ಸಿಂಗ, ಒಟ್ಟು ಐವರು ಹೋದರು. ಸಿಂಗನ ಹೆಂಡತಿ ಬೋರಮ್ಮ ದಡದಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಅವಳ ಬೆನ್ನ ಹಿಂದೆ ದಿಬ್ಬದ ಮೇಲೆ ಛತ್ರ ಬೆಳ್ಳಗೆ ಕಾಣುತ್ತಿತ್ತು.

ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ಗೌಡ ಬುತ್ತಿ ಕಟ್ಟಿಕೊಂಡು ರಾಜಧಾನಿಗೆ ನಡೆದುಕೊಂಡೇ ಹೋದ. ದೊರೆಯ ಮುಂದೆ ಕೈಮುಗಿದು ನಿಂತು ನಡೆದದ್ದನ್ನೆಲ್ಲ ಹೇಳಿದ.

"ಮಹಾಸ್ವಾಮಿ, ಕಡವಿನ ಸುಂಕವನ್ನು ಊರಿಗೇ ಬಿಟ್ಟುಕೊಡಬೇಕು. ದೋಣಿಯನ್ನು ನಾವೇ ನೋಡಿಕೊಳ್ಳುತ್ತೇವೆ."

ಪಕ್ಕದಲ್ಲಿದ್ದ ಪ್ರಧಾನಿ ನಕ್ಕ. "ಹಳ್ಳಿಯವರ ಕೈಗೆ ಹಣ ಕೊಟ್ಟರೆ ತಿಂದು ಮುಗಿಸುತ್ತಾರೆ. ಇಲ್ಲವೇ ಹೊಡೆದಾಡಿಕೊಳ್ಳುತ್ತಾರೆ" ಎಂದ.

ದೊರೆ ಗೌಡನನ್ನೇ ನೋಡುತ್ತಿದ್ದ. "ಬೊಕ್ಕಸ ತಡಮಾಡಿತು, ಅದು ನಮ್ಮ ತಪ್ಪು. ಹಣ ನಿನ್ನ ಕೈಯಲ್ಲಿದ್ದಿದ್ದರೆ ಏನು ಬೇರೆಯಾಗುತ್ತಿತ್ತು?" ಎಂದು ಕೇಳಿದ.

ಗೌಡ ದಾರಿಯುದ್ದಕ್ಕೂ ಬೇರೆ ಮಾತುಗಳನ್ನು ಯೋಚಿಸಿಕೊಂಡು ಬಂದಿದ್ದ. ಅವು ಬಾಯಿಗೆ ಬರಲಿಲ್ಲ. "ಹಲಗೆ ಕೊಳೆತದ್ದು ನನಗೆ ಗೊತ್ತಿತ್ತು ಮಹಾಸ್ವಾಮಿ. ಅರ್ಜಿ ಬರೆದಾಗಿದೆಯಲ್ಲ ಎಂದು ನಾನು ಸಮಾಧಾನವಾಗಿ ಕೂತೆ. ಹಣ ನಮ್ಮ ಕೈಯಲ್ಲಿದ್ದಿದ್ದರೆ ಆ ಸಮಾಧಾನ ನನಗೆ ಸಿಗುತ್ತಿರಲಿಲ್ಲ" ಎಂದ.

ದೊರೆ ಅಪ್ಪಣೆ ಕೊಟ್ಟ. ಮೂರು ವರ್ಷ ಸುಂಕ ಊರಿನ ಕೈಯಲ್ಲಿರಲಿ. ನಾಲ್ಕರಲ್ಲಿ ಒಂದು ಪಾಲು ಬೊಕ್ಕಸಕ್ಕೆ, ಮೂರು ಪಾಲು ಊರಿಗೆ. ದರ ಎಷ್ಟಿರಬೇಕು, ಯಾವುದಕ್ಕೆ ಖರ್ಚು ಮಾಡಬೇಕು ಎಂಬುದನ್ನು ಊರೇ ಗೊತ್ತು ಮಾಡಲಿ. ಮೂರು ವರ್ಷ ತುಂಬಿದ ಮೇಲೆ ಲೆಕ್ಕ ನೋಡಲು ಅಧಿಕಾರಿ ಬರುತ್ತಾನೆ. ಲೆಕ್ಕ ನೆಟ್ಟಗಿದ್ದರೆ ತಾಮ್ರದ ಶಾಸನ ಬರೆಸಿ ಕೊಡುತ್ತೇನೆ. ಇಲ್ಲದಿದ್ದರೆ ಕಡವು ಬೊಕ್ಕಸಕ್ಕೆ ವಾಪಸು.

ಗೌಡ ಊರಿಗೆ ಬಂದು ಕೆಲಸಕ್ಕೆ ನಿಂತ. ಉಳ್ಳವರಿಂದ ಕೈಗಡ ತಂದು ತೇಗದ ಮರ ತರಿಸಿದ. ಬಡಗಿ ಕಾಳಾಚಾರಿ ಎರಡು ತಿಂಗಳಲ್ಲಿ ದೋಣಿ ಕಟ್ಟಿದ. ಅಂಥ ಗಟ್ಟಿ ದೋಣಿ ಆ ಹೊಳೆಯಲ್ಲಿ ಹಿಂದೆ ಇಳಿದಿರಲಿಲ್ಲ. ಎರಡು ತುಂಬಿದ ಗಾಡಿಗಳನ್ನು ಒಟ್ಟಿಗೆ ಹೊರುತ್ತಿತ್ತು. ಸುಂಕ ಬಂದ ಹಾಗೆ ಕೈಗಡ ತೀರಿತು. ಶಾನುಭೋಗ ಗೌಡನ ಮನೆಗೇ ಬಂದು ಕಡತದಲ್ಲಿ ಲೆಕ್ಕ ಬರೆದು ಹೋಗುತ್ತಿದ್ದ. ಕಡತ ಗೌಡನ ಪೆಟ್ಟಿಗೆಯಲ್ಲಿರುತ್ತಿತ್ತು. ಗೌಡ ಒಂದು ಕಾಸನ್ನೂ ತನಗೆಂದು ಮುಟ್ಟಲಿಲ್ಲ.

ವರ್ಷ ತಿರುಗುವ ಹೊತ್ತಿಗೆ ಬೋರಮ್ಮ ಒಂದು ದಿನ ಚಾವಡಿಗೆ ಬಂದಳು. ಅವಳು ಈಗ ಕಡವಿನಲ್ಲಿ ಮೀನು ಮಾರಿ ಜೀವನ ಮಾಡುತ್ತಿದ್ದಳು. ಹತ್ತು ಜನರ ಮುಂದೆ ಕೇಳಿದಳು.

"ಗೌಡರೇ, ದೋಣಿಗೆ ಎಷ್ಟಾಯಿತು?"

"ಯಾಕಮ್ಮ?"

"ತಿಳಿದುಕೊಳ್ಳೋಣ ಅಂತ."

"ಲೆಕ್ಕ ಬರೆದಿಟ್ಟಿದ್ದೇನೆ. ದೊರೆಗೆ ಒಪ್ಪಿಸುತ್ತೇನೆ. ಅವರು ಮೂರು ವರ್ಷಕ್ಕೆ ಕೇಳುತ್ತಾರೆ."

ಬೋರಮ್ಮ ದನಿ ಏರಿಸಲಿಲ್ಲ. "ದೊರೆ ಈ ದೋಣಿ ಹತ್ತುತ್ತಾರಾ?" ಎಂದಳು.

ಗೌಡ ಎದ್ದು ಮನೆಗೆ ಹೋದ. ಕದ್ದಿದ್ದರೆ ಅವನಿಗೆ ಹೆದರಿಕೆಯಾಗುತ್ತಿತ್ತು. ಕದ್ದಿರಲಿಲ್ಲ, ಆದ್ದರಿಂದ ಸಿಟ್ಟು ಬಂತು. ನಾನು ಇಷ್ಟು ಮಾಡಿದ್ದೇನೆ, ನನ್ನನ್ನೇ ಕೇಳುತ್ತಾರೆ ಎಂದು ಹೆಂಡತಿಯ ಮುಂದೆ ಹೇಳಿಕೊಂಡ. ಇನ್ನು ಮೇಲೆ ಬೋರಮ್ಮ ಎದುರಾದರೆ ಮುಖ ತಿರುಗಿಸಿಕೊಂಡು ಹೋಗುವುದೆಂದು ತೀರ್ಮಾನಿಸಿದ. ಹಾಗೆಯೇ ಮಾಡಿದ.

ಆ ಮೇಲೆ ಯಾರೂ ಅವನನ್ನು ಏನೂ ಕೇಳಲಿಲ್ಲ. ಆದರೆ ಸುಂಕ ಇಳಿಯತೊಡಗಿತು. ಊರಿನವರು ಕಾಸು ಕೊಡದೆ ದೋಣಿ ಹತ್ತಿ, ನಾಳೆ ಕೊಡುತ್ತೇನೆ ಎನ್ನುತ್ತಿದ್ದರು. ನೀರು ಇಳಿದ ಕಾಲದಲ್ಲಿ ಗಾಡಿಯವರು ಒಂದು ಹರಿದಾರಿ ಸುತ್ತು ಹಾಕಿ ಮೇಲಿನ ಕಲ್ಲುಹಾದಿಯಲ್ಲಿ ದಾಟುತ್ತಿದ್ದರು. ಶಾನುಭೋಗ ಹೇಳಿದ ಹಾಗೆ ಗೌಡ ದರವನ್ನು ಹೆಚ್ಚಿಸಿದ. ಸುಂಕ ಇನ್ನೂ ಇಳಿಯಿತು. ಬೊಕ್ಕಸದ ಪಾಲು ಕಟ್ಟಿದ ಮೇಲೆ ಅಂಬಿಗರ ಕೂಲಿಗೆ ಸಾಲದಾಯಿತು. ಹೀಗೇ ಹೋದರೆ ಮೂರು ವರ್ಷ ತುಂಬುವ ಮೊದಲೇ ಕಡವನ್ನು ತಾನಾಗಿಯೇ ಬಿಟ್ಟುಕೊಡಬೇಕಾಗುತ್ತದೆ ಎಂದು ಗೌಡನಿಗೆ ಕಂಡಿತು.

ಏನಾಗುತ್ತಿದೆ ಎಂದು ನೋಡಲು ಅವನು ಒಂದು ದಿನ ಕಡವಿನಲ್ಲೇ ಕೂತ. ಒಬ್ಬ ಉಪ್ಪಿನ ಗಾಡಿಯವನು ಸುಂಕ ಕೊಡದೆ ಜಗಳ ತೆಗೆದ. ಅವನಿಗೆ ಗೌಡನ ಗುರುತಿರಲಿಲ್ಲ.

"ದೊರೆಯ ಸುಂಕವಾಗಿದ್ದಾಗ ಹೆದರಿ ಕೊಡುತ್ತಿದ್ದೆ. ಈಗ ಯಾಕೆ ಕೊಡಲಿ? ಗೌಡ ಮನೆಗೆ ಹೊಸ ಹೆಂಚು ಹೊದಿಸಿದ್ದಾನಂತೆ. ಅದಕ್ಕೆ ನಾನು ಕಾಸು ಕೊಡಬೇಕಾ?"

ಗೌಡ ಆ ವರ್ಷ ಹೆಂಚು ಹೊದಿಸಿದ್ದು ನಿಜ. ಭತ್ತ ಮಾರಿದ ದುಡ್ಡಿನಲ್ಲಿ ಹೊದಿಸಿದ್ದ. ಅದನ್ನು ಗಾಡಿಯವನಿಗೆ ಹೇಳಬೇಕೆಂದು ಬಾಯಿ ತೆರೆದ. ಸುತ್ತ ನಿಂತಿದ್ದವರೆಲ್ಲ ತನ್ನೂರಿನವರು. ಅವರಲ್ಲಿ ಒಬ್ಬರೂ ಗಾಡಿಯವನ ಮಾತಿಗೆ ಅಡ್ಡ ಬರಲಿಲ್ಲ. ನೆಲ ನೋಡುತ್ತಿದ್ದರು. ಅವರಿಗೂ ಗೊತ್ತಿಲ್ಲ ಎಂಬುದು ಗೌಡನಿಗೆ ಆಗ ಹೊಳೆಯಿತು. ಗೊತ್ತಾಗುವ ದಾರಿಯನ್ನು ತಾನೇ ಮುಚ್ಚಿದ್ದ.

ಮರುದಿನ ಬೆಳಗ್ಗೆ ಡಂಗುರ ಹೊಡೆಸಿ ಊರನ್ನು ಕಡವಿನಲ್ಲಿ ಸೇರಿಸಿದ. ಪೆಟ್ಟಿಗೆಯಿಂದ ಕಡತ ತಂದು ಶಾನುಭೋಗನ ಕೈಗೆ ಕೊಟ್ಟು, ಮೊದಲಿಂದ ಓದಿ ಎಂದ. ಮಧ್ಯಾಹ್ನದವರೆಗೂ ಓದಿದರು. ಮರದ ಲೆಕ್ಕ ಬಂದಾಗ ಬಡಗಿ ಕಾಳಾಚಾರಿ ಎದ್ದು ನಿಂತ.

"ಗೌಡರೇ, ಮರಕ್ಕೆ ತೊಂಬತ್ತು ವರಹ ಎಂದು ಓದಿದರಲ್ಲ. ಅದೇ ತೇಗ ಆಚೆ ದಡದ ಸಂತೆಯಲ್ಲಿ ಅರವತ್ತಕ್ಕೆ ಸಿಗುತ್ತಿತ್ತು."

"ನನಗೆ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ."

ಮರ ತಂದುಕೊಟ್ಟವನು ಗೌಡನ ಭಾವಮೈದುನ. ನಂಬಿಕಸ್ಥ ಎಂದು ಗೌಡ ಬೇರೆ ಕಡೆ ಬೆಲೆ ವಿಚಾರಿಸಿರಲಿಲ್ಲ. ಗೌಡನ ಮುಖ ಕಪ್ಪಿಟ್ಟಿತು. ಅವನು ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು, "ಮೂವತ್ತು ವರಹ ನನ್ನಿಂದ ಹೋಯಿತು. ಈ ಸುಗ್ಗಿಗೆ ನನ್ನ ಮನೆಯಿಂದ ತುಂಬಿಕೊಡುತ್ತೇನೆ" ಎಂದ.

ಹಲವರು ತಲೆಯಾಡಿಸಿದರು. ಬೋರಮ್ಮ ಮಾತ್ರ ಒಪ್ಪಲಿಲ್ಲ.

"ಬೇಡಿ ಗೌಡರೇ. ನೀವು ತುಂಬಿಕೊಟ್ಟರೆ ನಾಳೆ ದೋಣಿ ನಿಮ್ಮದಾಗುತ್ತದೆ. ಆಮೇಲೆ ನಾವು ಯಾವ ಬಾಯಲ್ಲಿ ಕೇಳೋದು? ನೀವು ತಿಂದಿಲ್ಲ. ವಿಚಾರಿಸಲಿಲ್ಲ, ಅಷ್ಟೇ. ಆದದ್ದನ್ನು ಆದ ಹಾಗೆ ಬರೆಸಿ. ಮುಂದಿನ ಗೌಡರು ನೋಡಿಕೊಳ್ಳಲಿ."

ಕಡವಿನ ಪಕ್ಕದಲ್ಲಿ ಆನೆಯಷ್ಟು ದೊಡ್ಡ ಒಂದು ಕರಿಬಂಡೆ ಇತ್ತು. ಅದರ ಒಂದು ಮಗ್ಗುಲು ಚಪ್ಪಟೆಯಾಗಿತ್ತು. ಶಾನುಭೋಗ ಸುಣ್ಣದ ನೀರಿನಲ್ಲಿ ಕುಂಚ ಅದ್ದಿ ಅದರ ಮೇಲೆ ವರ್ಷದ ಜಮೆ ಖರ್ಚು ಬರೆದ. ಕೊನೆಯಲ್ಲಿ ಊರು ಹೇಳಿದಂತೆ ಒಂದು ಸಾಲು ಸೇರಿಸಿದ. ಮರದಲ್ಲಿ ಮೂವತ್ತು ವರಹ ನಷ್ಟ, ಬೆಲೆ ವಿಚಾರಿಸದಿದ್ದುದು ಗೌಡನ ತಪ್ಪು.

ಗೌಡ ಆ ಸಾಲಿನ ಮುಂದೆ ಬಹಳ ಹೊತ್ತು ನಿಂತಿದ್ದ. ತನ್ನ ಹೆಸರು ಹಾಗೆ ಬಂಡೆಯ ಮೇಲಿರುವುದನ್ನು ನೋಡಿ ಅವನಿಗೆ ನೋವಾಯಿತು. ಆದರೆ ಮನೆಗೆ ಹೋಗುವಾಗ ಹೆಗಲು ಹಗುರವಾಗಿತ್ತು. ಬೋರಮ್ಮ ಎದುರಿಗೆ ಬಂದಳು. ಅವನು ಮುಖ ತಿರುಗಿಸಲಿಲ್ಲ.

ಅಂದಿನಿಂದ ಪ್ರತಿ ಹುಣ್ಣಿಮೆಯ ದಿನ ಬೆಳಗ್ಗೆ ಆ ತಿಂಗಳ ಜಮೆ ಖರ್ಚನ್ನು ಬಂಡೆಯ ಮೇಲೆ ಬರೆಯುತ್ತಿದ್ದರು, ಓದು ಬಾರದವರಿಗಾಗಿ ಗಟ್ಟಿಯಾಗಿ ಓದುತ್ತಿದ್ದರು. ದೋಣಿಗೆ ಕಾಯುವ ಗಾಡಿಯವರೂ ಕೇಳಿಸಿಕೊಳ್ಳುತ್ತಿದ್ದರು. ಮೂರು ತಿಂಗಳಲ್ಲಿ ಸುಂಕ ಮೊದಲಿನಷ್ಟಾಯಿತು, ಆಮೇಲೆ ಅದನ್ನೂ ದಾಟಿತು. ಗೌಡ ಹೆಚ್ಚಿಸಿದ್ದ ದರವನ್ನು ಊರು ಮೊದಲು ಇಳಿಸಿತು. ಕಡವಿಗೆ ಕಲ್ಲಿನ ಮೆಟ್ಟಿಲು ಬೇಕು ಎಂದಾಗ ಅದೇ ಊರು ತಾನೇ ಕೂತು ಗಾಡಿಗೆ ಒಂದು ಕಾಸು ಏರಿಸಿತು. ಯಾರೂ ಗೊಣಗಲಿಲ್ಲ. ಹೆರಿಗೆಗೆ ಹೋಗುವ ಸೂಲಗಿತ್ತಿಗೆ, ಅವಳನ್ನು ಕರೆಯಲು ಬಂದವರಿಗೆ ಸುಂಕವಿಲ್ಲ ಎಂದು ಗೊತ್ತು ಮಾಡಿದರು. ಈ ಮಾತು ಅಂಬಿಗರ ಕೇರಿಯಿಂದ ಬಂತು.

ಊರು ಯಾವಾಗಲೂ ಸರಿಯಾಗಿ ನಡೆಯಿತು ಎಂದಲ್ಲ. ಮೆಟ್ಟಿಲು ಮುಗಿದ ಸಂತೋಷಕ್ಕೆ ಊರೂಟ ಹಾಕಬೇಕು ಎಂದು ಜನ ಹಟ ಹಿಡಿದರು. ದೋಣಿಯನ್ನು ಹಿಡಿದು ಸಾಗಿಸುವ ಹಗ್ಗ ಸವೆದಿದೆ, ಮೊದಲು ಅದಾಗಲಿ ಎಂದು ಗೌಡ ಹೇಳಿದ. ಯಾರೂ ಕೇಳಲಿಲ್ಲ. ಎರಡು ದಿನ ಒಬ್ಬಟ್ಟಿನ ಊಟವಾಯಿತು. ಇಪ್ಪತ್ತೆರಡು ವರಹ ಖರ್ಚಾಯಿತು. ಮಳೆಗಾಲ ಬಂದಾಗ ಹಗ್ಗಕ್ಕೆ ಹಣ ಸಾಲಲಿಲ್ಲ. ಹದಿನೆಂಟು ದಿನ ದೋಣಿ ನಿಂತಿತು. ಆಚೆ ದಡದಲ್ಲಿ ಹೊಲವಿದ್ದವರು ಹೊಲಕ್ಕೆ ಹೋಗಲಾರದೆ ಕೂತರು. ಆ ಹುಣ್ಣಿಮೆಗೆ ಶಾನುಭೋಗ ಕುಂಚ ಹಿಡಿದು ಗೌಡನ ಮುಖ ನೋಡಿದ. ಗೌಡ ಊರಿನ ಮುಖ ನೋಡಿದ. ಊಟ ಬೇಕೆಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ್ದ ಎಣ್ಣೆ ವ್ಯಾಪಾರಿಯೇ ತಲೆ ತಗ್ಗಿಸಿ, ಬರೆಯಿರಿ ಎಂದ. ಎರಡನೆಯ ಸಾಲು ಬಂಡೆ ಸೇರಿತು. ಹಗ್ಗದ ಹಣ ಊಟಕ್ಕೆ ಹೋಯಿತು, ದೋಣಿ ಹದಿನೆಂಟು ದಿನ ನಿಂತಿತು, ತಪ್ಪು ಊರಿನದು.

ತಿಂಗಳ ಲೆಕ್ಕವನ್ನು ಪ್ರತಿ ಸಲ ತೊಳೆದು ಹೊಸದಾಗಿ ಬರೆಯುತ್ತಿದ್ದರು. ಈ ಎರಡು ಸಾಲುಗಳನ್ನು ಮಾತ್ರ ತೊಳೆಯುತ್ತಿರಲಿಲ್ಲ. ಮಳೆಗೆ ಮಾಸಿದರೆ ತಿದ್ದುತ್ತಿದ್ದರು.

ಮೂರು ವರ್ಷ ತುಂಬಿತು. ರಾಜಧಾನಿಯಿಂದ ಲೆಕ್ಕದ ಅಧಿಕಾರಿ ಇಬ್ಬರು ಗುಮಾಸ್ತರೊಂದಿಗೆ ಬಂದ. ಹೊರಡುವಾಗ ಪ್ರಧಾನಿ ಅವನನ್ನು ಒಳಗೆ ಕರೆದು ಹೇಳಿದ್ದ. ಇನ್ನೂ ಐದು ಊರುಗಳು ತಮ್ಮ ಸುಂಕ ತಮಗೆ ಬೇಕೆಂದು ಕೇಳುತ್ತಿವೆ, ಕಡವಿನಪುರದಲ್ಲಿ ಒಂದು ತಪ್ಪು ಸಿಕ್ಕರೆ ಎಲ್ಲರ ಬಾಯಿಯೂ ಮುಚ್ಚುತ್ತದೆ ಎಂದು. ಅಧಿಕಾರಿ ವಯಸ್ಸಾದವನು. ಮೂವತ್ತು ವರ್ಷ ಊರೂರಿನ ಲೆಕ್ಕ ನೋಡಿದ್ದ. ಕಾಗದದ ಮೇಲೆ ಎಲ್ಲವೂ ನೆಟ್ಟಗಿರುವ ಲೆಕ್ಕವನ್ನು ಕಂಡರೆ ಅವನಿಗೆ ಅನುಮಾನ ಬರುತ್ತಿತ್ತು.

ಅವನು ಚಾವಡಿಯಲ್ಲಿ ಕೂತು ಮೂರು ದಿನ ಕಡತ ನೋಡಿದ. ಕೂಲಿಯವರನ್ನು ಕರೆಸಿ ಕೇಳಿದ. ಮೆಟ್ಟಿಲ ಕಲ್ಲುಗಳನ್ನು ಎಣಿಸಿದ. ಕೊನೆಗೆ ಗೌಡನನ್ನು ಕರೆದು, "ಮರದಲ್ಲಿ ಮೂವತ್ತು ವರಹ ಹೆಚ್ಚು ಕೊಟ್ಟಿದ್ದೀರಿ" ಎಂದ.

"ಹೌದು ಸ್ವಾಮಿ. ಬಂಡೆಯ ಮೇಲಿದೆ."

"ಊಟಕ್ಕೆ ಇಪ್ಪತ್ತೆರಡು."

"ಅದೂ ಇದೆ."

ಅಧಿಕಾರಿ ಕಡವಿಗೆ ನಡೆದು ಹೋಗಿ ಬಂಡೆಯನ್ನು ಓದಿದ. ಎರಡು ಸಲ ಓದಿದ. ಗುಮಾಸ್ತರನ್ನು ದೂರ ಕಳಿಸಿ ಗೌಡನನ್ನು ಹತ್ತಿರ ಕರೆದ. ಈಗ ಅವನ ದನಿ ಬೇರೆಯಾಗಿತ್ತು.

"ಗೌಡರೇ, ನಾನು ಎಷ್ಟೋ ಊರು ನೋಡಿದ್ದೇನೆ. ನಿಮ್ಮ ಒಳ್ಳೆಯದಕ್ಕೆ ಹೇಳುತ್ತೇನೆ. ಪ್ರಧಾನಿಗೆ ಬೇಕಾದದ್ದು ಈ ಎರಡೇ ಸಾಲು. ಇವನ್ನು ತೋರಿಸಿ ನಿಮ್ಮಿಂದ ಕಡವನ್ನು ಕಿತ್ತುಕೊಳ್ಳುತ್ತಾರೆ. ಬಂಡೆ ತೊಳೆಸಿಬಿಡಿ. ಕಡತದಲ್ಲಿ ಮರದ ಬೆಲೆಯನ್ನು ಅರವತ್ತು ಮಾಡಿ, ಉಳಿದದ್ದನ್ನು ಮೆಟ್ಟಿಲಿಗೆ ಸೇರಿಸಿ. ಊಟವನ್ನು ಕೂಲಿ ಎಂದು ಬರೆಯಿರಿ. ನಾನು ಏನೂ ಕಾಣಲಿಲ್ಲ ಎಂದು ಹೇಳುತ್ತೇನೆ. ಶಾಸನ ನಿಮ್ಮ ಕೈ ಸೇರುತ್ತದೆ."

ಅವನು ಲಂಚ ಕೇಳಲಿಲ್ಲ. ನಿಜವಾಗಿ ಆ ಊರಿಗೆ ಒಳ್ಳೆಯದಾಗಲಿ ಎಂದೇ ಹೇಳಿದ. ಅದು ಗೌಡನಿಗೂ ತಿಳಿಯಿತು. ಮೂರು ವರ್ಷದ ಕಷ್ಟ ಅವನ ಕಣ್ಣ ಮುಂದೆ ಬಂತು. ಹೊಳೆಯಲ್ಲಿ ಹೋದ ಐವರು ನೆನಪಾದರು. ಒಂದು ಕೊಡ ನೀರು ಚೆಲ್ಲಿ ಒರೆಸಿದರೆ ಕಡವು ಉಳಿಯುತ್ತಿತ್ತು.

"ಊರನ್ನು ಕೇಳಿ ಹೇಳುತ್ತೇನೆ ಸ್ವಾಮಿ" ಎಂದ.

"ಇದನ್ನು ಊರಿನ ಮುಂದೆ ಕೇಳುವುದೇ?"

"ಬರೆಸಿದವರು ಅವರು. ಅಳಿಸುವ ಅಧಿಕಾರ ನನಗಿಲ್ಲ."

ಊರು ಸೇರಿತು. ಗೌಡ ಅಧಿಕಾರಿಯ ಮಾತನ್ನು ಒಂದಕ್ಷರ ಬಿಡದೆ ಹೇಳಿದ. ತನ್ನ ಅಭಿಪ್ರಾಯ ಹೇಳಲಿಲ್ಲ. ಅಳಿಸೋಣ ಎಂದವರು ಇದ್ದರು. ಕಡವು ಹೋದರೆ ಮತ್ತೆ ಅರ್ಜಿ, ಮತ್ತೆ ಕಾಯುವುದು, ಮತ್ತೆ ಕೊಳೆತ ಹಲಗೆ ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಬಹಳ ಹೊತ್ತು ಚರ್ಚೆಯಾಯಿತು. ಎಣ್ಣೆ ವ್ಯಾಪಾರಿ ಎದ್ದು, "ನನ್ನ ತಪ್ಪನ್ನು ಹತ್ತು ಜನರ ಮುಂದೆ ಒಪ್ಪಿಕೊಂಡ ಮೇಲೆ ನಾನು ತೂಕದಲ್ಲಿ ಮೋಸ ಮಾಡಿಲ್ಲ. ಆ ಸಾಲು ಅಲ್ಲೇ ಇರಲಿ" ಎಂದ. ಅವನನ್ನು ನೋಡಿ ಕೆಲವರು ನಕ್ಕರು, ಆದರೆ ಕುಹಕದಿಂದಲ್ಲ.

ಆಮೇಲೆ ಎಲ್ಲರೂ ಬೋರಮ್ಮನ ಕಡೆ ನೋಡಿದರು.

"ನಾನು ಮೂರು ವರ್ಷ ಈ ಬಂಡೆಯ ಪಕ್ಕ ಕೂತು ಮೀನು ಮಾರಿದ್ದೇನೆ" ಎಂದಳು ಅವಳು. "ಹೋಗೋರು ಬರೋರು ಕೇಳುತ್ತಾರೆ, ಇದೇನಮ್ಮ, ನಿಮ್ಮ ತಪ್ಪು ನೀವೇ ಬರೆದುಕೊಂಡಿದ್ದೀರಿ ಅಂತ. ಹೌದು, ನಮ್ಮದೇ ಅಂತೀನಿ. ಹಾಗೆ ಹೇಳುವಾಗ ನನಗೆ ನಾಚಿಕೆ ಆಗಿಲ್ಲ. ಅಳಿಸಿದರೆ ಆಗುತ್ತದೆ. ಅಳಿಸಬೇಡಿ."

ಇನ್ನೊಬ್ಬರು ಅಳಿಸಬೇಡಿ ಎಂದರು. ಮತ್ತೊಬ್ಬರೂ ಹಾಗೇ ಎಂದರು. ಅಳಿಸೋಣ ಎಂದಿದ್ದವರೂ ಕೊನೆಗೆ ಅಳಿಸುವುದು ಬೇಡ ಎಂದು ಕೈ ಎತ್ತಿದರು.

ಗೌಡ ಕಡತವನ್ನು ಇದ್ದ ಹಾಗೆಯೇ ಅಧಿಕಾರಿಯ ಕೈಗೆ ಕೊಟ್ಟ. ಎರಡು ಸಾಲುಗಳನ್ನೂ ಬೇರೆ ಕಾಗದದಲ್ಲಿ ಬರೆಸಿ, ತಾನು ರುಜು ಹಾಕಿ, ಊರಿನ ಹನ್ನೊಂದು ಜನರಿಂದ ಹಾಕಿಸಿ ಜೊತೆಗಿಟ್ಟ. ಬೋರಮ್ಮ ಹೆಬ್ಬೆಟ್ಟು ಒತ್ತಿದಳು. ಅಧಿಕಾರಿ ಹೋಗುವಾಗ ದೋಣಿಯಲ್ಲಿ ಕೂತು ತನ್ನ ಒಂದು ಕಾಸು ಸುಂಕ ಕೊಟ್ಟ. ಸರಕಾರದ ಜನಕ್ಕೆ ಸುಂಕವಿಲ್ಲ ಎಂದು ಅಂಬಿಗ ಹೇಳಿದರೂ ಕೇಳಲಿಲ್ಲ.

ರಾಜಧಾನಿಯಲ್ಲಿ ಪ್ರಧಾನಿ ಆ ಕಾಗದವನ್ನು ಸಭೆಯಲ್ಲಿ ಓದಿಸಿದ. "ನೋಡಬೇಕು ಮಹಾಸ್ವಾಮಿ, ತಪ್ಪು ಮಾಡಿದ್ದೇವೆ ಎಂದು ಅವರೇ ಒಪ್ಪಿಕೊಂಡಿದ್ದಾರೆ" ಎಂದ.

ದೊರೆ ಕಾಗದವನ್ನು ಕೈಗೆ ತೆಗೆದುಕೊಂಡ. ತಾನೇ ಓದಿ ನೋಡಿ, "ಆ ಊರಿನಲ್ಲಿ ಐದು ಜನ ಮುಳುಗಿ ಸತ್ತ ವರ್ಷ ನಮ್ಮ ಬೊಕ್ಕಸದ ಲೆಕ್ಕದಲ್ಲಿ ಏನು ಬರೆದಿದೆ, ತೆಗೆಸಿ" ಎಂದ.

ಹುಡುಕಲು ಎರಡು ದಿನ ಹಿಡಿಯಿತು. ಗುಮಾಸ್ತ ತಂದು ಓದಿದ. ಕಡವಿನಪುರ, ಛತ್ರಕ್ಕೆ ಸುಣ್ಣ, ಹನ್ನೆರಡು ವರಹ, ಲೆಕ್ಕ ಸರಿಯಿದೆ.

ದೊರೆ ಆ ಲೆಕ್ಕವನ್ನೂ ಊರಿನ ಕಾಗದವನ್ನೂ ಪ್ರಧಾನಿಯ ಮುಂದೆ ಪಕ್ಕಪಕ್ಕದಲ್ಲಿ ಇಡಿಸಿದ.

ಇತ್ತ ಕಡವಿನಪುರದಲ್ಲಿ ಎರಡು ತಿಂಗಳು ಏನೂ ಸುದ್ದಿ ಬರಲಿಲ್ಲ. ಕಡವು ಹೋಯಿತು ಎಂದೇ ಬಹಳ ಜನ ತಿಳಿದರು. ಆದರೂ ಎರಡು ಹುಣ್ಣಿಮೆಗೂ ಲೆಕ್ಕ ಬರೆದರು, ಓದಿದರು, ಸವೆದ ಹಲಗೆ ಬದಲಿಸಿದರು. ನಾಳೆ ನಮ್ಮದಲ್ಲದೆ ಹೋದರೂ ಒಪ್ಪಿಸುವಾಗ ಗಟ್ಟಿ ದೋಣಿಯನ್ನೇ ಒಪ್ಪಿಸೋಣ ಎಂದು ಗೌಡ ಹೇಳಿದ್ದ.

ಮೂರನೆಯ ತಿಂಗಳು ಕುದುರೆಯ ಮೇಲೆ ಒಬ್ಬ ಬಂದ. ಸುಂಕ ಒಯ್ಯಲು ಬಂದವನಲ್ಲ. ರೇಷ್ಮೆ ಬಟ್ಟೆಯಲ್ಲಿ ಸುತ್ತಿದ ತಾಮ್ರದ ಹಲಗೆಯನ್ನು ತಂದಿದ್ದ. ಕಡವು ಊರಿನದು, ಎಂದೆಂದಿಗೂ ಊರಿನದು ಎಂದು ಅದರಲ್ಲಿ ಕೊರೆದಿತ್ತು. ಪ್ರಧಾನಿ ಪೂರ್ತಿ ಸೋತಿರಲಿಲ್ಲ. ಬೊಕ್ಕಸದ ಪಾಲು ನಾಲ್ಕರಲ್ಲಿ ಒಂದರಿಂದ ಮೂರರಲ್ಲಿ ಒಂದಕ್ಕೆ ಏರಿತ್ತು. ವರ್ಷಕ್ಕೊಮ್ಮೆ ರಾಜಧಾನಿಗೆ ಲೆಕ್ಕ ಕಳಿಸಬೇಕು ಎಂಬ ಮಾತೂ ಇತ್ತು. ಅದನ್ನು ಓದಿದಾಗ ಗೌಡನಿಗೆ ನಗು ಬಂತು. "ವರ್ಷಕ್ಕೆ ಹನ್ನೆರಡು ಸಲ ಬೋರಮ್ಮನಿಗೆ ಒಪ್ಪಿಸುತ್ತೇವೆ. ಹದಿಮೂರನೆಯದು ದೊರೆಗೆ ಹೋಗಲಿ" ಎಂದ.

ಆ ಐದು ಊರುಗಳವರು ಒಬ್ಬೊಬ್ಬರಾಗಿ ನೋಡಲು ಬಂದರು. ಶಾಸನ ಎಲ್ಲಿದೆ, ತೋರಿಸಿ ಎಂದು ಕೇಳುತ್ತಿದ್ದರು. ಊರಿನವರು ಅವರನ್ನು ಚಾವಡಿಗೆ ಕರೆದೊಯ್ಯುವ ಬದಲು ಕಡವಿಗೆ ಕರೆತರುತ್ತಿದ್ದರು. ಅಲ್ಲಿ ಬೋರಮ್ಮ ಮೀನಿನ ಬುಟ್ಟಿಯನ್ನು ಪಕ್ಕಕ್ಕಿಟ್ಟು ಎದ್ದು ನಿಂತು ಬಂಡೆಯ ಲೆಕ್ಕವನ್ನು ಹೇಳುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ. ಎಲ್ಲವೂ ಬಾಯಿಪಾಠವಾಗಿತ್ತು. ಈ ತಿಂಗಳ ಜಮೆ ಇಷ್ಟು, ಖರ್ಚು ಇಷ್ಟು, ಉಳಿದದ್ದು ಇಷ್ಟು. ಆಮೇಲೆ ಆ ಎರಡು ಸಾಲು. ಅವನ್ನು ಹೇಳುವಾಗ ಅವಳ ದನಿ ಸ್ವಲ್ಪವೂ ತಗ್ಗುತ್ತಿರಲಿಲ್ಲ. ತಲೆ ಎತ್ತಿಯೇ ಹೇಳುತ್ತಿದ್ದಳು. ಪಕ್ಕದಲ್ಲಿ ಮುದ್ದೇಗೌಡ ತನ್ನ ತಪ್ಪಿನ ಸಾಲನ್ನು ಕೇಳುತ್ತ ನಿಂತಿರುತ್ತಿದ್ದ. ಅವನೂ ತಲೆ ಎತ್ತಿಯೇ ನಿಂತಿರುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಅರಳಿತ್ತು. "ತಿಳಿಯಿತು ಬುದ್ಧಿ. ಲೆಕ್ಕ ಒಪ್ಪಿಸಿದ್ದರಿಂದಲೇ ದೊರೆ ಶಾಸನ ಕೊಟ್ಟ. ಶಾಸನ ಕೈಗೆ ಬಂದ ದಿನ ಆ ಊರು ಸ್ವತಂತ್ರವಾಯಿತು" ಎಂದ.

"ಅಲ್ಲಪ್ಪ, 'ಅಳಿಸಬೇಡಿ' ಎಂದ ದಿನ" ಎಂದರು ಗುರುಗಳು.